ಮುಚ್ಚಿಟ್ಟ ಗ್ರಿಲ್‌ನೊಳಗೆ ಏನಿದೆ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಅನೇಕ ಮನೆಗಳ ಅಡುಗೆ ಕಟ್ಟೆಯ ಮೇಲೆ ಇಲೆಕ್ಟ್ರಿಕ್ ಗ್ರಿಲ್ ಬಂದು ಕೂತಿದೆ. ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಬಂದವರು ತಂದದ್ದೋ, ಮದುವೆಯ ಉಡುಗೊರೆಯಾಗಿ ಬಂದದ್ದೋ, ಆನ್‌ಲೈನ್‌ನಲ್ಲಿ ರಿಯಾಯಿತಿ ನೋಡಿ ತರಿಸಿದ್ದೋ ಇರಬಹುದು. ಎಣ್ಣೆ ಕಡಿಮೆ, ಕೆಲಸ ಬೇಗ, ಹೊಗೆಯಿಲ್ಲ ಎಂಬ ಕಾರಣಕ್ಕೆ ಇದನ್ನು ಇಷ್ಟಪಡುವವರು ಬಹಳ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಇರುವ ಹಿರಿಯರಿರುವ ಮನೆಗಳಲ್ಲಿ "ಇನ್ನು ಮುಂದೆ ಕರಿದದ್ದು ಬೇಡ, ಗ್ರಿಲ್ ಮಾಡಿಕೊಡಿ" ಎಂಬ ಮಾತೂ ಕೇಳಿಬರುತ್ತದೆ.

ಇದು ಒಳ್ಳೆಯ ಬದಲಾವಣೆಯೇ. ಆದರೆ ಗ್ರಿಲ್ ಅನ್ನು ಮುಚ್ಚಿಟ್ಟರೆ ಹೊರಗಿನಿಂದ ಸ್ವಚ್ಛವಾಗಿಯೇ ಕಾಣುತ್ತದೆ. ಅದರೊಳಗೆ ಮೊನ್ನೆಯ ಕೋಳಿಯ ಜಿಡ್ಡು, ಹೋದ ವಾರದ ಮೀನಿನ ಮಸಾಲೆ ಹಾಗೆಯೇ ಉಳಿದಿರಬಹುದು. ಅದೇ ರೀತಿ, ಎರಡೂ ಕಡೆ ಚೆನ್ನಾಗಿ ಕೆಂಪಾಗಿ ಗೆರೆ ಬಿದ್ದ ಮಾಂಸದ ತುಂಡು ಒಳಗೆ ಬೆಂದಿರಲೇಬೇಕೆಂದಿಲ್ಲ. ಗ್ರಿಲ್‌ನ ಆರೋಗ್ಯದ ಲಾಭ ನಿಮಗೆ ನಿಜವಾಗಿ ಸಿಗಬೇಕಾದರೆ ಎರಡು ಸಂಗತಿ ಮುಖ್ಯ: ಆಹಾರ ಒಳಗಿನವರೆಗೆ ಬೇಯಬೇಕು, ಗ್ರಿಲ್ ಅದೇ ದಿನ ಶುಚಿಯಾಗಬೇಕು. ಇವೆರಡರ ಕ್ರಮವನ್ನು ಈ ಲೇಖನದಲ್ಲಿ ನೋಡೋಣ.

ಗ್ರಿಲ್ ಕೆಲಸ ಮಾಡುವುದು ಹೇಗೆ?

ಇದನ್ನು ಕಾಂಟ್ಯಾಕ್ಟ್ ಗ್ರಿಲ್ ಎನ್ನುತ್ತಾರೆ. ಮೇಲೊಂದು ಕೆಳಗೊಂದು ಎರಡು ಲೋಹದ ಪ್ಲೇಟ್‌ಗಳು, ಹಿಂದೆ ಅವುಗಳನ್ನು ಜೋಡಿಸುವ ಕೀಲು. ಎರಡೂ ಪ್ಲೇಟ್‌ಗಳ ಹಿಂಬದಿಯಲ್ಲಿ ವಿದ್ಯುತ್ತಿನಿಂದ ಕಾಯುವ ಸುರುಳಿ ಇರುತ್ತದೆ. ನಡುವೆ ಆಹಾರವಿಟ್ಟು ಮುಚ್ಚಿದಾಗ ಎರಡು ಬದಿಗೂ ಒಟ್ಟಿಗೆ ಶಾಖ ತಗಲುತ್ತದೆ. ಮಗುಚಿ ಹಾಕುವ ಕೆಲಸವಿಲ್ಲ. ಕಾವಲಿಯಲ್ಲಿ ಬೇಯುವುದಕ್ಕಿಂತ ಸುಮಾರು ಅರ್ಧ ಸಮಯದಲ್ಲಿ ಬೇಯುವುದು ಇದೇ ಕಾರಣಕ್ಕೆ.

ಪ್ಲೇಟ್‌ಗಳ ಮೇಲೆ ಉಬ್ಬು ಗೆರೆಗಳಿರುತ್ತವೆ. ಮಾಂಸ ಈ ಗೆರೆಗಳ ಮೇಲೆ ಕೂರುತ್ತದೆ. ಕರಗಿದ ಕೊಬ್ಬು ಗೆರೆಗಳ ನಡುವಿನ ತಗ್ಗಿನಲ್ಲಿ ಹರಿಯುತ್ತದೆ. ಕೆಲವು ಗ್ರಿಲ್‌ಗಳು ಮುಂದಕ್ಕೆ ಸ್ವಲ್ಪ ಇಳಿಜಾರಾಗಿದ್ದು, ಕೊಬ್ಬು ಒಂದು ಸಣ್ಣ ಟ್ರೇಗೆ ಬೀಳುತ್ತದೆ. 1994ರಲ್ಲಿ ಅಮೆರಿಕದಲ್ಲಿ ಬಾಕ್ಸರ್ ಜಾರ್ಜ್ ಫೋರ್‌ಮನ್ ಅವರ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಇಂತಹ ಗ್ರಿಲ್ ಜಗತ್ತಿನಾದ್ಯಂತ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಪ್ರಚಾರವೆಲ್ಲ ನಿಂತಿದ್ದು ಈ ಇಳಿಜಾರು ಮತ್ತು ಟ್ರೇ ಮೇಲೆಯೇ.

ತ್ರಿಕೋನ ಆಕಾರದ ಗುಂಡಿಗಳಿರುವ ಸ್ಯಾಂಡ್‌ವಿಚ್ ಟೋಸ್ಟರ್ ಬೇರೆ, ಇದು ಬೇರೆ. ಟೋಸ್ಟರ್‌ನಲ್ಲಿ ಕೊಬ್ಬು ಹರಿದು ಹೋಗಲು ದಾರಿಯಿಲ್ಲ, ಶಕ್ತಿಯೂ ಕಡಿಮೆ. ಅದರಲ್ಲಿ ಹಸಿ ಮಾಂಸ ಬೇಯಿಸಬೇಡಿ. ಬ್ರೆಡ್ಡಿನ ನಡುವೆ ಇಡುವ ಕೋಳಿ ಮೊದಲೇ ಪೂರ್ತಿ ಬೆಂದಿರಬೇಕು.

ಎಣ್ಣೆ ಕಡಿಮೆ ಎಂಬುದು ಎಷ್ಟು ನಿಜ?

ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ ಇದೆ. ಒಂದು ಟೀ ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲೊರಿ. ಬಾಣಲೆಯಲ್ಲಿ ಕರಿದಾಗ ಹೊರಗಿನ ಹಿಟ್ಟು, ಮಸಾಲೆ ಎಣ್ಣೆಯನ್ನು ಹೀರುತ್ತವೆ. ಗ್ರಿಲ್‌ನಲ್ಲಿ ಬ್ರಶ್‌ನಿಂದ ಸವರಿದ ಅರ್ಧ ಚಮಚ ಎಣ್ಣೆ ಇಡೀ ಪ್ಲೇಟಿಗೆ ಸಾಕಾಗುತ್ತದೆ. ಹಾಗಾಗಿ ಕರಿದ ಕಬಾಬ್‌ನ ಬದಲು ಗ್ರಿಲ್ ಮಾಡಿದ ಕೋಳಿ ತಿಂದರೆ ಎಣ್ಣೆ ಖಂಡಿತ ಉಳಿಯುತ್ತದೆ.

ಆದರೆ ಟ್ರೇಗೆ ಬೀಳುವ ಜಿಡ್ಡನ್ನು ನೋಡಿ "ಕೊಬ್ಬೆಲ್ಲ ಹೋಯಿತು" ಎಂದು ಭಾವಿಸಬೇಡಿ. ಮಾಂಸದ ಒಳಗಿನ ಕೊಬ್ಬಿನಲ್ಲಿ ಒಂದು ಭಾಗ ಮಾತ್ರ ಹೊರಬರುತ್ತದೆ. ಕೊಬ್ಬು ತುಂಬಿದ ಕುರಿ ಮಾಂಸ ಗ್ರಿಲ್‌ನಿಂದ ಹೊರಬಂದಾಗಲೂ ಕೊಬ್ಬಿನ ಮಾಂಸವೇ. ಚರ್ಮ ತೆಗೆದ ಕೋಳಿ, ಮೀನು, ಕೊಬ್ಬು ಕತ್ತರಿಸಿ ತೆಗೆದ ತುಂಡುಗಳನ್ನು ಆರಿಸುವುದೇ ದೊಡ್ಡ ಲಾಭ. ಉಪ್ಪಿನ ವಿಷಯವೂ ಅಷ್ಟೆ. ಪ್ಯಾಕೆಟ್ ಮಸಾಲೆಗಳಲ್ಲಿ ಉಪ್ಪು ಮೊದಲೇ ಸೇರಿರುತ್ತದೆ. ರಕ್ತದೊತ್ತಡ ಇರುವವರಿಗೆ ಮಾಡುವಾಗ ಅದರ ಮೇಲೆ ಮತ್ತೆ ಉಪ್ಪು ಹಾಕಬೇಡಿ.

ಪ್ಲಗ್ ಹಾಕುವ ಮುನ್ನ

ಗ್ರಿಲ್‌ಗಳು ಸಾಮಾನ್ಯವಾಗಿ 1000ದಿಂದ 2000 ವ್ಯಾಟ್‌ವರೆಗೆ ಇರುತ್ತವೆ. ನಮ್ಮ ಮನೆಗಳ ಸಣ್ಣ ಸಾಕೆಟ್ 6 ಆಂಪಿಯರ್‌ನದ್ದು. 230 ವೋಲ್ಟ್‌ನಲ್ಲಿ ಅದು ತಾಳುವುದು 1380 ವ್ಯಾಟ್ ಮಾತ್ರ. ಅದಕ್ಕಿಂತ ಹೆಚ್ಚಿನ ಗ್ರಿಲ್ ಅನ್ನು 16 ಆಂಪಿಯರ್‌ನ ದೊಡ್ಡ ಸಾಕೆಟ್‌ಗೆ ಹಾಕಬೇಕು. ವ್ಯಾಟ್ ಎಷ್ಟೆಂದು ಗ್ರಿಲ್‌ನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ.

ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್‌ನಿಂದ ತಂದ ಗ್ರಿಲ್‌ಗಳಿಗೆ ಚಪ್ಪಟೆಯಾದ ಮೂರು ಪಿನ್‌ಗಳ ಪ್ಲಗ್ ಇರುತ್ತದೆ. ಇದನ್ನು ಅಗ್ಗದ ಪರಿವರ್ತಕ ಹಾಕಿ ಸಣ್ಣ ಸಾಕೆಟ್‌ಗೆ ಸಿಕ್ಕಿಸುವವರಿದ್ದಾರೆ. ಅಂತಹ ಜೋಡಣೆ ಸಡಿಲವಾಗಿ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಿಕೊಳ್ಳಬಹುದು. ಅರ್ಥಿಂಗ್ ಸರಿಯಾಗಿ ಸಿಗದಿದ್ದರೆ ಶಾಕ್ ಹೊಡೆಯುವ ಅಪಾಯ ಬೇರೆ. ಎಲೆಕ್ಟ್ರಿಷಿಯನ್‌ರಿಂದ ನಮ್ಮ ದೇಶದ 16 ಆಂಪಿಯರ್‌ನ ಮೂರು ಪಿನ್ ಪ್ಲಗ್ ಹಾಕಿಸಿಕೊಳ್ಳಿ. ಅಮೆರಿಕದಿಂದ ತಂದ 120 ವೋಲ್ಟ್‌ನ ಗ್ರಿಲ್ ಅನ್ನಂತೂ ಇಲ್ಲಿನ ವಿದ್ಯುತ್ತಿಗೆ ನೇರವಾಗಿ ಹಾಕಲೇಬಾರದು.

ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಸಿಂಕಿನ ಪಕ್ಕ ಬೇಡ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ವಯರು ಕಟ್ಟೆಯಿಂದ ಕೆಳಗೆ ಜೋತು ಬೀಳದಂತೆ ನೋಡಿಕೊಳ್ಳಿ. ಅಂಬೆಗಾಲಿಡುವ ಮಗು ಎಳೆದರೆ ಕಾದ ಗ್ರಿಲ್ ಅದರ ಮೈಮೇಲೆ ಬೀಳುತ್ತದೆ.

ಹಸಿ ಮಾಂಸ ಮುಟ್ಟಿದ ಕೈ

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಇರಬಹುದು. ವಾಂತಿ, ಭೇದಿ, ಜ್ವರ, ಹೊಟ್ಟೆನೋವು ತರುವ ಇವು ಚಿಕ್ಕ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರಿಗೆ ಹೆಚ್ಚು ತೊಂದರೆ ಕೊಡುತ್ತವೆ. ಶಾಖಕ್ಕೆ ಇವು ಸಾಯುತ್ತವೆ. ಆದರೆ ಶಾಖ ತಗಲದ ಜಾಗಕ್ಕೆ ನಾವೇ ಇವನ್ನು ಹಚ್ಚಿಬಿಡುತ್ತೇವೆ.

ಗ್ರಿಲ್‌ನಲ್ಲಿ ಅಂತಹ ಜಾಗ ಅದರ ಹಿಡಿ. ಮಸಾಲೆ ಹಚ್ಚಿದ ಹಸಿ ಕೋಳಿಯನ್ನು ಕೈಯಿಂದ ಎತ್ತಿ ಪ್ಲೇಟಿನ ಮೇಲೆ ಇಡುತ್ತೇವೆ, ಅದೇ ಕೈಯಲ್ಲಿ ಹಿಡಿ ಹಿಡಿದು ಮುಚ್ಚುತ್ತೇವೆ. ಕೈ ತೊಳೆದು ಬಂದು, ಬೆಂದ ಮೇಲೆ ಮತ್ತೆ ಅದೇ ಹಿಡಿಯನ್ನು ಮುಟ್ಟಿ ತೆರೆಯುತ್ತೇವೆ. ಆಗ ಆ ಶುದ್ಧ ಕೈಗೆ ಹಸಿ ಮಾಂಸದ ನೀರು ಪುನಃ ಹತ್ತಿತು. ಆ ಕೈಯಿಂದಲೇ ಸಲಾಡ್ ಬಡಿಸುತ್ತೇವೆ, ಮಗುವಿಗೆ ತುತ್ತು ಕೊಡುತ್ತೇವೆ. ಸ್ವಿಚ್, ಉಷ್ಣತೆಯ ಗುಂಡಿ, ನಲ್ಲಿಯ ತಿರುಪು ಎಲ್ಲಕ್ಕೂ ಇದೇ ಮಾತು.

ಪರಿಹಾರ ಸರಳ:

• ಹಸಿ ತುಂಡುಗಳನ್ನು ಇಕ್ಕಳದಿಂದ ಎತ್ತಿಡಿ. ಬೆಂದದ್ದನ್ನು ತೆಗೆಯಲು ಬೇರೆ ಇಕ್ಕಳ ಅಥವಾ ಮರದ ಸಟ್ಟುಗ ಇರಲಿ.

• ಹಸಿ ಮಾಂಸವಿದ್ದ ತಟ್ಟೆಗೆ ಬೆಂದ ಮಾಂಸವನ್ನು ಮರಳಿ ಹಾಕಬೇಡಿ.

• ಪಾತ್ರೆಯಲ್ಲಿ ಉಳಿದ ಮಸಾಲೆಯನ್ನು ಬೆಂದ ಮಾಂಸದ ಮೇಲೆ ಸವರಬೇಡಿ. ಹಚ್ಚಲೇಬೇಕೆಂದಿದ್ದರೆ ಮೊದಲೇ ಸ್ವಲ್ಪ ಮಸಾಲೆಯನ್ನು ಬೇರೆ ತೆಗೆದಿಟ್ಟುಕೊಳ್ಳಿ.

• ಕೈಯನ್ನು ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಿರಿ.

• ಕೋಳಿ ತೊಳೆಯುವಾಗ ನಲ್ಲಿಯನ್ನು ಜೋರಾಗಿ ಬಿಡಬೇಡಿ. ಸಿಡಿದ ಹನಿಗಳು ಪಕ್ಕದ ಪಾತ್ರೆ, ತರಕಾರಿಗಳ ಮೇಲೆ ಬೀಳುತ್ತವೆ. ಬ್ಯಾಕ್ಟೀರಿಯಾ ಸಾಯುವುದು ಬೇಯಿಸುವುದರಿಂದ, ತೊಳೆಯುವುದರಿಂದಲ್ಲ. ತೊಳೆಯುವುದೇ ಆದರೆ ಪಾತ್ರೆಯಲ್ಲಿ ನೀರು ತುಂಬಿ ಅದರಲ್ಲಿ ನಿಧಾನವಾಗಿ ಅದ್ದಿ ತೆಗೆದು, ಬಳಿಕ ಸಿಂಕನ್ನು ಸೋಪು ಹಾಕಿ ಉಜ್ಜಿ.

ಬಕ್ರೀದ್‌ನ ಮಾಂಸ ಫ್ರೀಜರ್‌ನಲ್ಲಿದ್ದರೆ ಅದನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟು ಕರಗಿಸಬೇಡಿ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಭಾಗಕ್ಕೆ, ನೀರು ಸೋರದ ಪಾತ್ರೆಯಲ್ಲಿ ಇಳಿಸಿಡಿ. ಗ್ರಿಲ್‌ಗೆಂದೇ ಇಡುವ ಮಾಂಸವನ್ನು ಫ್ರೀಜರ್‌ಗೆ ಹಾಕುವಾಗಲೇ ಗುಡ್ಡೆ ಮಾಡದೆ, ತೆಳ್ಳಗೆ ಹರಡಿದ ಸಣ್ಣ ಪೊಟ್ಟಣಗಳಾಗಿ ಮಾಡಿಡಿ. ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ, ಬೇಕಾದಷ್ಟನ್ನೇ ತೆಗೆಯಬಹುದು.

ಬೇಯಿಸುವ ಕ್ರಮ

1. ಗ್ರಿಲ್ ಅನ್ನು ಮುಚ್ಚಿಯೇ 5 ನಿಮಿಷ ಕಾಯಿಸಿ. ಹೆಚ್ಚಿನ ಗ್ರಿಲ್‌ಗಳಲ್ಲಿ ದೀಪದ ಬಣ್ಣ ಬದಲಾಗಿ ಅಥವಾ ಆರಿ ಸೂಚನೆ ಸಿಗುತ್ತದೆ. ಕಾಯದ ಪ್ಲೇಟಿನ ಮೇಲಿಟ್ಟ ಮಾಂಸ ನೀರು ಬಿಟ್ಟು ಅಂಟಿಕೊಳ್ಳುತ್ತದೆ.

2. ಎಲುಬಿಲ್ಲದ, ಒಂದೇ ದಪ್ಪದ ತುಂಡುಗಳನ್ನು ಬಳಸಿ. ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪ ಸರಿ. ಕೋಳಿಯ ಎದೆ ಭಾಗವನ್ನು ನಡುವೆ ಸೀಳಿ ಪುಸ್ತಕದಂತೆ ಬಿಡಿಸಿಕೊಳ್ಳಿ. ಎಲುಬಿರುವ ತುಂಡು ಮೇಲಿನ ಪ್ಲೇಟನ್ನು ಎತ್ತಿ ಹಿಡಿಯುವುದರಿಂದ ಪಕ್ಕದ ಮಾಂಸಕ್ಕೆ ಶಾಖ ತಗಲುವುದಿಲ್ಲ. ಒಂದು ದಪ್ಪ, ಒಂದು ತೆಳು ತುಂಡು ಒಟ್ಟಿಗೆ ಇಟ್ಟರೂ ಇದೇ ತೊಂದರೆ.

3. ಹಚ್ಚಿಟ್ಟ ದಪ್ಪ ಮಸಾಲೆಯನ್ನು ಬೆರಳಿನಿಂದ ಸ್ವಲ್ಪ ಒರೆಸಿ ತೆಗೆದು ಇಡಿ. ಮಸಾಲೆಯ ರುಚಿ ಅದಾಗಲೇ ಮಾಂಸಕ್ಕೆ ಹಿಡಿದಿರುತ್ತದೆ. ಹೊರಗೆ ಉಳಿಯುವ ಮೊಸರು, ಸಕ್ಕರೆ, ಜೇನು, ಟೊಮೆಟೊ ಸಾಸ್ ಬೇಗ ಸೀದು ಪ್ಲೇಟಿಗೆ ಕಚ್ಚಿಕೊಳ್ಳುತ್ತವೆ.

4. ತುಂಡುಗಳ ನಡುವೆ ಜಾಗ ಬಿಡಿ. ಮುಚ್ಚಳವನ್ನು ಬಲವಾಗಿ ಒತ್ತಬೇಡಿ. ಮಾಂಸದ ರಸ ಹೊರಹೋಗಿ ಒಣಗುತ್ತದೆ. ಮೀನಿಗಂತೂ ಮುಚ್ಚಳದ ಭಾರವೇ ಸಾಕು.

ಎಷ್ಟು ನಿಮಿಷ? ಗ್ರಿಲ್‌ನ ಶಕ್ತಿ, ತುಂಡಿನ ದಪ್ಪ ಇವುಗಳ ಮೇಲೆ ಅದು ಬದಲಾಗುತ್ತದೆ. ಅಂದಾಜಿಗೆ ಹೇಳುವುದಾದರೆ ತೆಳುವಾದ ಎಲುಬಿಲ್ಲದ ಕೋಳಿಗೆ 6ರಿಂದ 8 ನಿಮಿಷ, ಅಂಜಲ್‌ನಂತಹ ಮೀನಿನ ತೆಳು ತುಂಡಿಗೆ 4ರಿಂದ 6 ನಿಮಿಷ, ಕೈಮಾ ಕಬಾಬ್‌ಗೆ 6ರಿಂದ 8 ನಿಮಿಷ, ಪನೀರ್ ಮತ್ತು ದೊಣ್ಣೆಮೆಣಸಿಗೆ 3ರಿಂದ 4 ನಿಮಿಷ. ಆದರೆ ಗಡಿಯಾರವನ್ನಾಗಲಿ ಬಣ್ಣವನ್ನಾಗಲಿ ನಂಬಿ ಕೂರಬೇಡಿ. ಅಡುಗೆ ಥರ್ಮಾಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಅದರ ಮೊನೆಯನ್ನು ತುಂಡಿನ ಬದಿಯಿಂದ ನಡುಭಾಗಕ್ಕೆ ಚುಚ್ಚಿ ನೋಡಿ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಕುರಿ ಅಥವಾ ದನದ ಕೈಮಾ 71 ಡಿಗ್ರಿ, ಮೀನು 63 ಡಿಗ್ರಿ. ಕುರಿ, ದನದ ಇಡೀ ತುಂಡುಗಳಾದರೆ 63 ಡಿಗ್ರಿ ಮುಟ್ಟಿದ ಮೇಲೆ ಕನಿಷ್ಠ 3 ನಿಮಿಷ ಹಾಗೆಯೇ ಬಿಡಬೇಕು.

ಕೈಮಾಕ್ಕೆ ಹೆಚ್ಚು ಶಾಖ ಯಾಕೆ ಬೇಕು? ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಮೈಯಲ್ಲಿರುತ್ತದೆ. ಅರೆದಾಗ ಹೊರಗಿನದ್ದೆಲ್ಲ ಒಳಗೆ ಬೆರೆಯುತ್ತದೆ. ಆದ್ದರಿಂದ ಹೊರಗೆ ಕೆಂಪಾಗಿ ಒಳಗೆ ಮೆತ್ತಗಿರುವ ಕಬಾಬ್, ಕರುಮ್ಮನೆ ಕಾಣುವ ಆದರೆ ನಡುವೆ ಹಸಿಯಾಗಿರುವ ಬರ್ಗರ್ ಮಕ್ಕಳ ಹೊಟ್ಟೆಗೆ ಅಪಾಯ. ಥರ್ಮಾಮೀಟರ್ ಇಲ್ಲದವರು ಪ್ರತಿ ಸುತ್ತಿನ ಅತಿ ದಪ್ಪ ತುಂಡನ್ನು ಕತ್ತರಿಸಿ ನೋಡಬೇಕು. ಒಳಗೆ ಗುಲಾಬಿ ಬಣ್ಣ, ಮೆತ್ತನೆಯ ಹಸಿ ಭಾಗ, ಕೆಂಪು ರಸ ಕಂಡರೆ ಮತ್ತೆ ಮುಚ್ಚಿ ಬೇಯಿಸಿ.

ಕಪ್ಪಗಾಗುವವರೆಗೆ ಬೇಡ

ಮಾಂಸವನ್ನು ಅತಿ ಶಾಖದಲ್ಲಿ ಸೀಯಿಸಿದಾಗ ಕ್ಯಾನ್ಸರ್‌ಗೆ ಸಂಬಂಧವಿರಬಹುದೆಂದು ಶಂಕಿಸಲಾದ ಕೆಲವು ರಾಸಾಯನಿಕಗಳು ಉಂಟಾಗುತ್ತವೆ. ಇದ್ದಿಲಿನ ಒಲೆಯಲ್ಲಿ ಕೊಬ್ಬು ಕೆಂಡದ ಮೇಲೆ ಬಿದ್ದು ಏಳುವ ಹೊಗೆಯಿಂದ ಇನ್ನೊಂದು ಬಗೆಯವು ಮಾಂಸಕ್ಕೆ ಅಂಟುತ್ತವೆ. ಇಲೆಕ್ಟ್ರಿಕ್ ಗ್ರಿಲ್‌ನಲ್ಲಿ ಕೊಬ್ಬು ಬೆಂಕಿಗೆ ಬೀಳುವುದಿಲ್ಲವಾದ್ದರಿಂದ ಆ ಹೊಗೆ ಕಡಿಮೆ. ಆದರೆ ಪ್ಲೇಟಿನ ಮೇಲೆ ಹಳೆಯ ಜಿಡ್ಡು ಉಳಿದಿದ್ದರೆ, ಮುಂದಿನ ಸಲ ಕಾಯಿಸುವಾಗ ಅದೇ ಸೀದು ಹೊಗೆಯಾಗುತ್ತದೆ. ಹೊಗೆಯಿಲ್ಲದ ಗ್ರಿಲ್‌ನಲ್ಲಿ ಹೊಗೆ ಬರುತ್ತಿದ್ದರೆ ಅದು ಶುಚಿಯಾಗಿಲ್ಲ ಎಂದೇ ತಿಳಿಯಿರಿ.

ನಿಂಬೆರಸ, ಮೊಸರು, ಬೆಳ್ಳುಳ್ಳಿ, ಮಸಾಲೆ ಹಚ್ಚಿಟ್ಟು ಬೇಯಿಸುವ ನಮ್ಮ ಪದ್ಧತಿ ಈ ರಾಸಾಯನಿಕಗಳನ್ನು ಕಡಿಮೆ ಮಾಡಲು ನೆರವಾಗುತ್ತದೆ. ಮಧ್ಯಮ ಶಾಖದಲ್ಲಿ ಬೇಯಿಸಿ, ಕಪ್ಪಗೆ ಸೀದ ಅಂಚುಗಳನ್ನು ಕತ್ತರಿಸಿ ತೆಗೆಯಿರಿ.

ಶುಚಿಗೊಳಿಸುವುದು: ಬಿಸಿ ಆರುವ ಮುನ್ನ

ಗ್ರಿಲ್ ತೊಳೆಯುವುದು ಕಷ್ಟವೆನಿಸುವುದು ತಡಮಾಡಿದಾಗ ಮಾತ್ರ. ಬೆಚ್ಚಗಿರುವಾಗ ಜಿಡ್ಡು ದ್ರವವಾಗಿರುತ್ತದೆ, ಒರೆಸಿದರೆ ಹೋಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಗಟ್ಟಿಯಾಗಿ ಅಂಟುತ್ತದೆ. ಎರಡನೆಯ ಸಲ ಕಾಯಿಸಿದರೆ ಕಪ್ಪು ಪದರವಾಗಿ ಕೂರುತ್ತದೆ. ಅದನ್ನು ತೆಗೆಯಲು ಸ್ಟೀಲ್ ನಾರು ಹಿಡಿಯುತ್ತೇವೆ, ನಾನ್‌ಸ್ಟಿಕ್ ಪದರ ಕಿತ್ತುಹೋಗುತ್ತದೆ. ಆಮೇಲೆ ಎಲ್ಲವೂ ಅಂಟುತ್ತದೆ, ಗ್ರಿಲ್ ಅಟ್ಟ ಸೇರುತ್ತದೆ.

ಹೀಗೆ ಮಾಡಿ:

1. ಕೊನೆಯ ತುಂಡು ತೆಗೆದ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು; ಪ್ಲಗ್ ಕೈಯಲ್ಲಿ ಕಾಣಬೇಕು.

2. ಮರದ ಅಥವಾ ಪ್ಲಾಸ್ಟಿಕ್ ಸಟ್ಟುಗದಿಂದ ಜಿಡ್ಡು, ಚೂರುಗಳನ್ನು ಟ್ರೇಗೆ ಎಳೆಯಿರಿ. ಗ್ರಿಲ್ ಜೊತೆ ಗೆರೆಗಳಿಗೆ ಹೊಂದುವ ಹಲ್ಲಿನ ಪ್ಲಾಸ್ಟಿಕ್ ಸಟ್ಟುಗ ಕೊಟ್ಟಿದ್ದರೆ ಅದನ್ನೇ ಬಳಸಿ. ಚಾಕು, ಸ್ಟೀಲ್ ಚಮಚ ಬೇಡ.

3. ಸುಮಾರು 5ರಿಂದ 10 ನಿಮಿಷ ಬಿಟ್ಟು, ಸುಡುವ ಶಾಖ ಇಳಿದು ಬಿಸಿ ಮಾತ್ರ ಉಳಿದಾಗ, ಅಡುಗೆಮನೆಯ ಟಿಶ್ಯೂ ಅಥವಾ ಹಳೆಯ ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದಂತೆ ಹಿಂಡಿ ಎರಡು ಮೂರು ಮಡಿಕೆ ಮಾಡಿ ಕೆಳಗಿನ ಪ್ಲೇಟಿನ ಮೇಲೆ ಹಾಸಿ. ಗ್ರಿಲ್ ಮುಚ್ಚಿ. ಬಟ್ಟೆಯ ಹಬೆ ಎರಡೂ ಪ್ಲೇಟಿನ ಜಿಡ್ಡನ್ನು ಮೆತ್ತಗೆ ಮಾಡುತ್ತದೆ.

4. 10ರಿಂದ 15 ನಿಮಿಷದ ಬಳಿಕ ತೆರೆದು ಅದೇ ಬಟ್ಟೆಯಿಂದ ಗೆರೆಗಳ ಉದ್ದಕ್ಕೂ ಒರೆಸಿ. ಹೆಚ್ಚಿನ ಜಿಡ್ಡು ಇದರಲ್ಲೇ ಹೋಗುತ್ತದೆ.

5. ಮೆತ್ತನೆಯ ಸ್ಪಾಂಜಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಎರಡು ಹನಿ ಹಾಕಿ, ಹಿಂಡಿ, ಪ್ಲೇಟ್‌ಗಳನ್ನು ಉಜ್ಜಿ. ಬಳಿಕ ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸೋಪು ಹೋಗುವವರೆಗೆ ಎರಡು ಮೂರು ಸಲ ಒರೆಸಿ.

6. ಹಿಡಿ, ಉಷ್ಣತೆಯ ಗುಂಡಿ, ಮುಚ್ಚಳದ ಹೊರಮೈಯನ್ನೂ ಸೋಪಿನ ಬಟ್ಟೆಯಿಂದ ಒರೆಸಿ. ಹಸಿ ಮಾಂಸ ಮುಟ್ಟಿದ ಕೈ ಇಲ್ಲೆಲ್ಲ ಓಡಾಡಿದೆ ಎಂಬುದನ್ನು ಮರೆಯಬೇಡಿ.

7. ಟ್ರೇಯ ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ. ಪೈಪಿನಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಳೆಯ ಪತ್ರಿಕೆಗೆ ಸುರಿದು ಕಸಕ್ಕೆ ಹಾಕಿ. ಟ್ರೇಯನ್ನು ಬಿಸಿನೀರು, ಸೋಪಿನಲ್ಲಿ ತೊಳೆಯಿರಿ.

8. ಒಣ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ತೆರೆದೇ ಇಡಿ. ಒದ್ದೆಯಿರುವಾಗ ಮುಚ್ಚಿಟ್ಟರೆ ಮಳೆಗಾಲದಲ್ಲಿ ಒಂದೆರಡು ದಿನಕ್ಕೇ ಮುಗ್ಗಲು ವಾಸನೆ ಬರುತ್ತದೆ.

ಪ್ಲೇಟ್ ಬಿಚ್ಚಿ ತೆಗೆಯಬಹುದಾದ ಗ್ರಿಲ್ ಆಗಿದ್ದರೆ ಕೆಲಸ ಇನ್ನೂ ಸುಲಭ. ಪೂರ್ತಿ ತಣಿದ ಮೇಲೆ ತೆಗೆದು ಸಿಂಕಿನಲ್ಲಿ ತೊಳೆಯಿರಿ, ಚೆನ್ನಾಗಿ ಒಣಗಿಸಿಯೇ ಮರಳಿ ಜೋಡಿಸಿ. ಆದರೆ ಗ್ರಿಲ್‌ನ ದೇಹವನ್ನು ಯಾವ ಕಾರಣಕ್ಕೂ ನೀರಿನಲ್ಲಿ ಮುಳುಗಿಸಬೇಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಒಳಗೆ ಹೋದ ನೀರು ಹೊರಗಿನಿಂದ ಒಣಗಿದಂತೆ ಕಂಡರೂ ಸುರುಳಿಯ ಬಳಿ ಉಳಿಯುತ್ತದೆ. ಮುಂದಿನ ಸಲ ಪ್ಲಗ್ ಹಾಕುವವರಿಗೆ ಅದು ಪ್ರಾಣಾಪಾಯ. ಕಾದ ಪ್ಲೇಟಿನ ಮೇಲೆ ತಣ್ಣೀರು ಸುರಿಯುವುದೂ ತಪ್ಪು. ಹಬೆ ಮುಖಕ್ಕೆ ಹೊಡೆಯುತ್ತದೆ, ಪ್ಲೇಟ್ ಸೊಟ್ಟಗಾಗುತ್ತದೆ.

ರಮಝಾನ್‌ನಲ್ಲಿ ಸಮಯ ಹೊಂದಿಸುವುದು

ಉಪವಾಸದ ದಿನಗಳಲ್ಲಿ ಗ್ರಿಲ್ ಹೆಚ್ಚು ಬಳಕೆಯಾಗುತ್ತದೆ, ಕಡಿಮೆ ತೊಳೆಯಲ್ಪಡುತ್ತದೆ. ಇಫ್ತಾರ್‌ನ ಗಡಿಬಿಡಿ, ಮಗ್ರಿಬ್ ನಮಾಝ್, ಮಕ್ಕಳಿಗೆ ಊಟ, ಆಮೇಲೆ ತರಾವೀಹ್. ಗ್ರಿಲ್ ನೆನಪಾಗುವಾಗ ಮಧ್ಯರಾತ್ರಿ. ಇದಕ್ಕೆ ಒಂದು ಉಪಾಯವಿದೆ. ಇಫ್ತಾರ್‌ಗೆ ಹತ್ತು ನಿಮಿಷ ಮೊದಲೇ ಬೇಯಿಸುವುದನ್ನು ಮುಗಿಸಿ ಪ್ಲಗ್ ಕಿತ್ತುಬಿಡಿ. ಖರ್ಜೂರ ತೆಗೆದುಕೊಳ್ಳಲು ಕೂರುವ ಮೊದಲು ಒದ್ದೆ ಬಟ್ಟೆ ಹಾಸಿ ಮುಚ್ಚಿ. ಉಪವಾಸ ತೊರೆದು ನಮಾಝ್ ಮುಗಿಸಿ ಬರುವಷ್ಟರಲ್ಲಿ ಜಿಡ್ಡು ಬಿಟ್ಟುಕೊಂಡಿರುತ್ತದೆ. ಒರೆಸಲು ಐದು ನಿಮಿಷ ಸಾಕು. ಇಡೀ ದಿನ ಅಡುಗೆಮನೆಯಲ್ಲಿ ನಿಂತ ತಾಯಿಯೇ ಇದನ್ನೂ ಮಾಡಬೇಕೆಂದಿಲ್ಲ. ದೊಡ್ಡ ಮಕ್ಕಳಿಗೆ, ಮನೆಯ ಗಂಡಸರಿಗೆ ವಹಿಸಬಹುದಾದ ಕೆಲಸವಿದು.

ಆಹಾರದ ವಿಷಯದಲ್ಲೂ ಎಚ್ಚರ ಬೇಕು. ಬೇಯಿಸಿದ ಮಾಂಸವನ್ನು ಹೊರಗಿಡಬಹುದಾದ್ದು 2 ಗಂಟೆ ಮಾತ್ರ. ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅಸರ್‌ನ ಹೊತ್ತಿಗೆ ಮಾಡಿಟ್ಟ ಕಬಾಬ್ ಮಗ್ರಿಬ್‌ವರೆಗೆ ಕಟ್ಟೆಯ ಮೇಲಿದ್ದು, ಉಳಿದದ್ದು ಸಹರಿವರೆಗೂ ಅಲ್ಲೇ ಇದ್ದರೆ ಅದನ್ನು ತಿನ್ನಬಾರದು. ಇಫ್ತಾರ್ ಮುಗಿದ ಕೂಡಲೇ ಉಳಿದದ್ದನ್ನು ಫ್ರಿಜ್‌ಗೆ ಸೇರಿಸಿ. ಸಹರಿಗೆ ಬಿಸಿ ಮಾಡುವಾಗ ಒಳಗಿನವರೆಗೂ ಹಬೆಯಾಡುವಷ್ಟು ಬಿಸಿ ಮಾಡಿ. ಭೇದಿ, ವಾಂತಿಯಿಂದ ದೇಹದ ನೀರು ಕಳೆದುಕೊಂಡವರಿಗೆ ಮರುದಿನದ ಉಪವಾಸ ಬಹಳ ಕಷ್ಟವಾಗುತ್ತದೆ.

ವಾರಕ್ಕೊಮ್ಮೆ ನೋಡಬೇಕಾದ ಜಾಗಗಳು

ಪ್ರತಿದಿನದ ಒರೆಸುವಿಕೆಗೆ ಸಿಗದ ಕೆಲವು ಮೂಲೆಗಳಿವೆ. ಹಿಂಬದಿಯ ಕೀಲು, ಪ್ಲೇಟಿನ ಅಂಚು ಮತ್ತು ದೇಹ ಸೇರುವ ಸಂದು, ಟ್ರೇ ಕೂರುವ ತಳ, ವಯರಿನ ಮೊದಲ ಒಂದು ಅಡಿ. ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಶ್, ಇಯರ್ ಬಡ್‌ಗೆ ಸೋಪಿನ ನೀರು ಹಚ್ಚಿ ಇವನ್ನು ಸ್ವಚ್ಛಗೊಳಿಸಿ. ಗ್ರಿಲ್ ಎತ್ತಿ ಕೆಳಗಿನ ಕಟ್ಟೆಯನ್ನೂ ಒರೆಸಿ. ಇರುವೆ, ಜಿರಳೆಗಳು ರಾತ್ರಿ ಬರುವುದು ಈ ಸಂದುಗಳಿಗೇ.

ಗಟ್ಟಿಯಾಗಿ ಕಚ್ಚಿಕೊಂಡ ಕರಿಗೆ ಅಡುಗೆ ಸೋಡಾ ಉತ್ತಮ. ಎರಡು ಚಮಚ ಸೋಡಾಕ್ಕೆ ಸ್ವಲ್ಪ ನೀರು ಬೆರೆಸಿ ಗಟ್ಟಿ ಹಿಟ್ಟಿನಂತೆ ಮಾಡಿ, ತಣ್ಣಗಿನ ಪ್ಲೇಟಿಗೆ ಹಚ್ಚಿ 20 ನಿಮಿಷ ಬಿಡಿ. ಬಳಿಕ ಒದ್ದೆ ಸ್ಪಾಂಜಿನಿಂದ ಹಗುರವಾಗಿ ಉಜ್ಜಿ ಒರೆಸಿ. ಬೂದಿ, ಮರಳು, ಸ್ಟೀಲ್ ನಾರು, ಒಲೆ ತೊಳೆಯುವ ಕಟು ದ್ರವಗಳನ್ನು ಬಳಸಬೇಡಿ.

ಕೆಲವರು ಡಬ್ಬಿಯಲ್ಲಿ ಸಿಗುವ ಎಣ್ಣೆ ಸ್ಪ್ರೇ ಹೊಡೆಯುತ್ತಾರೆ. ಅದರಲ್ಲಿರುವ ಕೆಲವು ಪದಾರ್ಥಗಳು ನಾನ್‌ಸ್ಟಿಕ್ ಮೇಲೆ ಅಂಟು ಪದರವಾಗಿ ಕೂರುತ್ತವೆ. ಬ್ರಶ್‌ನಿಂದ ಸವರಿದ ಸಾದಾ ಎಣ್ಣೆಯೇ ಲೇಸು.

ಬೇರೆಯವರ ಜೊತೆ ಹಂಚಿಕೊಳ್ಳುವ ಗ್ರಿಲ್

ವಿದೇಶದಲ್ಲಿ ಓದುವ, ದುಡಿಯುವ ನಮ್ಮ ಹುಡುಗರು ಒಂದೇ ಕೋಣೆಯಲ್ಲಿ ಬೇರೆ ಬೇರೆ ದೇಶ, ಧರ್ಮದವರೊಂದಿಗೆ ಅಡುಗೆಮನೆ ಹಂಚಿಕೊಳ್ಳುತ್ತಾರೆ. ಅದೇ ಗ್ರಿಲ್‌ನಲ್ಲಿ ಇನ್ನೊಬ್ಬರು ಏನು ಬೇಯಿಸಿದ್ದಾರೆಂದು ತಿಳಿದಿರುವುದಿಲ್ಲ. ಮೇಲಿಂದ ಒರೆಸಿದ ಗ್ರಿಲ್‌ನ ಗೆರೆಗಳ ತಳದಲ್ಲೂ ಅಂಚಿನ ಸಂದಿನಲ್ಲೂ ಹಿಂದಿನ ಕೊಬ್ಬು ಉಳಿದಿರುತ್ತದೆ, ಕಾದಾಗ ಅದು ಕರಗಿ ನಿಮ್ಮ ಆಹಾರಕ್ಕೆ ಸೇರುತ್ತದೆ. ಅದನ್ನು ಶುದ್ಧಗೊಳಿಸುವ ಧಾರ್ಮಿಕ ನಿಯಮವನ್ನು ವಿದ್ವಾಂಸರಿಂದ ಕೇಳಿ ತಿಳಿಯಿರಿ. ಸಾಧ್ಯವಾದರೆ ಒಂದು ಸಣ್ಣ ಗ್ರಿಲ್ ಸ್ವಂತಕ್ಕೆ ಇಟ್ಟುಕೊಳ್ಳುವುದು ನೆಮ್ಮದಿ.

ಇದೇ ಕಾಳಜಿ ನಮ್ಮ ಕಡೆಯಿಂದಲೂ ಇರಲಿ. ಸಸ್ಯಾಹಾರಿ ನೆರೆಯವರಿಗೋ ಸಹೋದ್ಯೋಗಿಗೋ ಸ್ಯಾಂಡ್‌ವಿಚ್ ಮಾಡಿಕೊಡುವಾಗ ಮಾಂಸ ಬೇಯಿಸಿದ ಗ್ರಿಲ್ ಬಳಸಬೇಡಿ. ಮನೆಯಲ್ಲಿ ಮೀನು, ಸೀಗಡಿಯ ಅಲರ್ಜಿ ಇರುವವರಿದ್ದರೆ ಅವರ ಆಹಾರಕ್ಕೂ ಅದೇ ಪ್ಲೇಟ್ ಬೇಡ.

ಓದುಗರಿಗೆ ಬರಬಹುದಾದ ಕೆಲವು ಪ್ರಶ್ನೆಗಳು

*ನಾನ್‌ಸ್ಟಿಕ್ ಪದರ ಎದ್ದರೆ ವಿಷವೇ?*
ಆಕಸ್ಮಿಕವಾಗಿ ಹೊಟ್ಟೆಗೆ ಹೋದ ಸಣ್ಣ ಚೂರು ಹಾಗೆಯೇ ಹೊರಹೋಗುತ್ತದೆ, ಗಾಬರಿ ಬೇಡ. ಆದರೆ ಪದರ ಕಿತ್ತ ಪ್ಲೇಟಿಗೆ ಆಹಾರ ಅಂಟುತ್ತದೆ, ಶುಚಿಯಾಗುವುದಿಲ್ಲ. ಅದನ್ನು ಬದಲಿಸಿ. ನಾನ್‌ಸ್ಟಿಕ್ 260 ಡಿಗ್ರಿ ದಾಟಿದಾಗ ಕೆಡಲು ಆರಂಭಿಸಿ ಹಾನಿಕರ ಆವಿ ಬಿಡುತ್ತದೆ. ಸರಿಯಾಗಿರುವ ಗ್ರಿಲ್ ತಾನೇ ಶಾಖವನ್ನು ಅದಕ್ಕಿಂತ ಕೆಳಗೆ ಹಿಡಿದಿಡುತ್ತದೆ. ಬಿಚ್ಚಿದ ಪ್ಲೇಟನ್ನು ಗ್ಯಾಸ್ ಒಲೆಯ ಮೇಲಿಟ್ಟು ಬಳಸಿದರೆ ಆ ಹಿಡಿತ ಇರುವುದಿಲ್ಲ. ಹಾಗೆ ಮಾಡಬೇಡಿ.

*ವಿದ್ಯುತ್ ಬಿಲ್ ಎಷ್ಟು ಬರುತ್ತದೆ?*
1500 ವ್ಯಾಟ್‌ನ ಗ್ರಿಲ್ 20 ನಿಮಿಷ ಉರಿದರೆ ಹೆಚ್ಚೆಂದರೆ ಅರ್ಧ ಯೂನಿಟ್.

*ಕೈ ಸುಟ್ಟರೆ ಏನು ಮಾಡಬೇಕು?*
ಕೂಡಲೇ ಹರಿಯುವ ಸಾದಾ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಉಂಗುರ, ಬಳೆ ಬೇಗ ತೆಗೆಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ, ಅರಿಶಿನ ಹಚ್ಚಬೇಡಿ. ಗುಳ್ಳೆ ಒಡೆಯಬೇಡಿ. ಮಕ್ಕಳಿಗೆ ಸುಟ್ಟಿದ್ದರೆ, ಮುಖ ಅಥವಾ ಅಂಗೈ ಸುಟ್ಟಿದ್ದರೆ, ಅಂಗೈಗಿಂತ ದೊಡ್ಡ ಗಾಯವಾಗಿದ್ದರೆ ವೈದ್ಯರಿಗೆ ತೋರಿಸಿ.

ನೆನಪಿಡಿ

• ದೊಡ್ಡ ಸಾಕೆಟ್, ಅರ್ಥಿಂಗ್ ಇರುವ ಮೂರು ಪಿನ್ ಪ್ಲಗ್.
• ಹಸಿ ಮಾಂಸ ಮುಟ್ಟಿದ ಕೈಯಲ್ಲಿ ಹಿಡಿ ಮುಟ್ಟಬೇಡಿ.
• ಎಲುಬಿಲ್ಲದ, ಒಂದೇ ದಪ್ಪದ ತುಂಡುಗಳು.
• ಕೋಳಿ 74 ಡಿಗ್ರಿ, ಕೈಮಾ 71 ಡಿಗ್ರಿ. ಇಲ್ಲವೇ ಕತ್ತರಿಸಿ ನೋಡಿ.
• ಪ್ಲಗ್ ಕಿತ್ತು, ಬಿಸಿ ಆರುವ ಮುನ್ನ ಒದ್ದೆ ಬಟ್ಟೆ.
• ದೇಹವನ್ನು ನೀರಿನಲ್ಲಿ ಮುಳುಗಿಸಬೇಡಿ.
• ಒಣಗಿದ ಮೇಲೆಯೇ ಮುಚ್ಚಿಡಿ.

ಇಂದು ಅಡುಗೆಮನೆಗೆ ಹೋದಾಗ ನಿಮ್ಮ ಗ್ರಿಲ್ ಅನ್ನು ಒಮ್ಮೆ ತೆರೆದು, ಬಿಳಿ ಟಿಶ್ಯೂ ಒಂದರಿಂದ ಗೆರೆಗಳ ನಡುವೆ ಒರೆಸಿ ನೋಡಿ. ಟಿಶ್ಯೂ ಕಂದಾದರೆ ಮುಂದಿನ ಅಡುಗೆಗೆ ಮೊದಲು ಮಾಡಬೇಕಾದ ಕೆಲಸವೇನೆಂದು ನಿಮಗೆ ಗೊತ್ತಾಗುತ್ತದೆ.